ಮೀಸೆಯ ಮೇಡಂ

ನನ್ನ ದನಿಯ ಬಗ್ಗೆ ನನಗೆ ಸ್ವಲ್ಪ ಜಂಬವಿತ್ತು ಎಂದು ಮೊದಲೇ ಹೇಳಿಬಿಡುತ್ತೇನೆ. ವಸ್ತಾರೆಯ ನಮ್ಮ ಮನೆಯಲ್ಲಿ ನಾನು ಕಾಫಿ ಕೇಳಿದರೆ ಪಕ್ಕದ ಮನೆಯವರು ಲೋಟ ತೊಳೆಯುತ್ತಾರೆ ಎಂದು ನನ್ನ ಹೆಂಡತಿ ಆಡಿಕೊಳ್ಳುವುದುಂಟು. ಮೇಷ್ಟರಿಗೆ ಬೇಕಾದದ್ದು ಒಂದು ದನಿ, ಒಂದು ಮೀಸೆ. ಮಿಕ್ಕಿದ್ದೆಲ್ಲ ಪುಸ್ತಕದಲ್ಲೇ ಇರುತ್ತದೆ ಎಂದು ನಂಬಿದ್ದವನು ನಾನು. ಈ ಜೂನ್‌ನಲ್ಲಿ ಅವೆರಡನ್ನೂ ಹೊತ್ತುಕೊಂಡು ಬಾಳೂರು ಕಡೆಯ ಒಂದು ಹೈಸ್ಕೂಲಿಗೆ ಇಂಗ್ಲಿಷ್ ಮೇಷ್ಟರಾಗಿ ಬಂದೆ. ನನಗೆ ಸಿಕ್ಕಿದ್ದು ಗಿರಿಜಾ ಮೇಡಂ ಅವರ ಜಾಗ. ಅವರು ಬೇಸಿಗೆ ರಜೆಯಲ್ಲಿ ತೀರಿಕೊಂಡಿದ್ದರು. ಶಾಲೆ ಇಲ್ಲದ ದಿನಗಳಾದ್ದರಿಂದ ಹೆಚ್ಚಿನ ಮಕ್ಕಳಿಗೆ ಕೊನೆಯ ಸಲ ಮುಖ ನೋಡಲೂ ಆಗಿರಲಿಲ್ಲವಂತೆ.

ಸೋಮವಾರ ಹತ್ತನೇ ಕ್ಲಾಸಿಗೆ ಕಾಲಿಟ್ಟ ಕೂಡಲೇ ಎಲ್ಲರೂ ಎದ್ದು ನಿಂತು, "ಗುಡ್ ಮಾರ್ನಿಂಗ್ ಮೇಡಂ" ಎಂದು ರಾಗ ಎಳೆದರು. ನನ್ನ ಹಿಂದೆ ಯಾರಾದರೂ ಬಂದಿದ್ದಾರೇನೋ ಎಂದು ತಿರುಗಿ ನೋಡಿದೆ. ಮೀಸೆ ಮುಟ್ಟಿ ನೋಡಿಕೊಂಡೆ, ಇತ್ತು. "ಮೇಡಂ ಅಲ್ಲ, ಸಾರ್ ಅನ್ನಿ" ಎಂದೆ. "ಯೆಸ್ ಮೇಡಂ" ಎಂದರು. ನಗು ಬಂತು, ಆದರೆ ಮೊದಲ ದಿನವೇ ನಕ್ಕರೆ ಮಕ್ಕಳು ತಲೆ ಮೇಲೆ ಕೂರುತ್ತಾರೆಂದು ಮುಖ ಗಂಟಿಕ್ಕಿಕೊಂಡೆ.

ಪಾಠ ಶುರುವಾಗುವಷ್ಟರಲ್ಲಿ ಮಳೆ ಹೊಡೆಯಿತು. ನಮ್ಮ ಶಾಲೆಯ ಮಾಡು ತಗಡಿನದು. ಆ ಸದ್ದಿನಲ್ಲಿ ಪಕ್ಕದವರು ಸೀನಿದರೂ ಕೇಳುವುದಿಲ್ಲ. ನಾನು ದನಿ ಏರಿಸುವ ಮುಂಚೆಯೇ ಇಡೀ ಕ್ಲಾಸು ಪುಸ್ತಕ ಹಿಡಿದು ಎದ್ದು ಬಂದು ನನ್ನ ಮೇಜಿಗೆ ಮುತ್ತಿಗೆ ಹಾಕಿತು. ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ ಮಗಳು ಪವಿತ್ರಾ ಎಂಬುವಳಂತೂ ಸೀದಾ ನನ್ನ ಕುರ್ಚಿಯ ಎಡಕ್ಕೆ, ಅದು ತನ್ನದೇ ಜಾಗ ಎನ್ನುವ ಹಾಗೆ ಬಂದು ನಿಂತಳು. ನನಗೆ ರೇಗಿಹೋಯಿತು. "ಎದ್ದು ಬರೋಕೆ ಯಾರು ಹೇಳಿದ್ದು? ಹೋಗಿ ಕೂತ್ಕೊಳ್ಳಿ!" ಎಂದು ಗದರಿದೆ. ಎಲ್ಲರೂ ಹೋಗಿ ಕೂತರು.

ಆಮೇಲೆ ಶುರುವಾಯಿತು ನನಗೂ ತಗಡಿಗೂ ಜುಗಲ್‌ಬಂದಿ. ನಾನು ಕೂಗುತ್ತಿದ್ದೆ, ತಗಡು ನನಗಿಂತ ಜೋರಾಗಿ ಕೂಗುತ್ತಿತ್ತು. ಪಾಠ ಎರಡನೇ ಬೆಂಚು ದಾಟುತ್ತಿರಲಿಲ್ಲ. ಮಳೆ ಬಂದಾಗಲೆಲ್ಲ ಮಕ್ಕಳು ಅರ್ಧ ಏಳುವುದು, ನಾನು ಕಣ್ಣು ಬಿಡುವುದು, ಅವರು ಕೂರುವುದು. ಬೆಳಿಗ್ಗೆ ಬೆಳಿಗ್ಗೆ 'ಸಾರ್' ಎನ್ನುವ ಅಭ್ಯಾಸ ಬೇರೆ ಮಾಡಿಸುತ್ತಿದ್ದೆ. ಶುಕ್ರವಾರದ ಹೊತ್ತಿಗೆ ಗಂಟಲು ಕಟ್ಟಿ, ದನಿ ಪೂರ್ತಿ ಬಿದ್ದುಹೋಯಿತು. ಗಣಿತದ ಪಾಲಾಕ್ಷಪ್ಪನವರು ಸ್ಟಾಫ್ ರೂಮಿನಲ್ಲಿ ಬಿಸಿನೀರು ಕೊಟ್ಟು, "ಯಾಕೆ ಕೂಗೋದು ನೀವು?" ಎಂದರು. ಮಕ್ಕಳಿಗೆ ಶಿಸ್ತಿಲ್ಲ, ಮಳೆ ಬಂದರೆ ಎದ್ದು ಬರುತ್ತವೆ ಎಂದು ಪಿಸುಗುಟ್ಟಿದೆ.

"ನೀವೊಳ್ಳೆ ಜನ ಮಾರಾಯ್ರೆ! ಗಿರಿಜಾ ಮೇಡಂದು ಸಣ್ಣ ದನಿ. ಮಳೆ ಹೊಡೆದ್ರೆ ಎಲ್ಲರನ್ನೂ ಮೇಜಿನ ಸುತ್ತ ಕರ್ಕೊಂಡು ಓದ್ತಿದ್ರು. ಎಂಟನೇ ಕ್ಲಾಸಿಂದ ಅವಕ್ಕೆ ಅದೇ ರೂಢಿ. ನಿಮಗೆ ಯಾರೂ ಹೇಳ್ಲಿಲ್ವ?"

ಯಾರು ಹೇಳಬೇಕಿತ್ತು? ಮಕ್ಕಳು ಎದ್ದು ಬಂದೇ ಹೇಳಿದ್ದರು. ತಾವು ಕಳೆದುಕೊಂಡ ಮೇಡಂ ಹತ್ತಿರ ಹೋಗುವ ಹಾಗೆ ಪಾಪ ಆ ಮೇಜಿನ ಹತ್ತಿರ ಬರುತ್ತಿದ್ದರು, ನಾನು ದಿನಾ ಓಡಿಸುತ್ತಿದ್ದೆ.

ಶನಿವಾರ ಕ್ಲಾಸಿಗೆ ಹೋದೆ. "ಗುಡ್ ಮಾರ್ನಿಂಗ್ ಸಾರ್." ಒಬ್ಬರೂ ತಪ್ಪಲಿಲ್ಲ. ವಾರವೆಲ್ಲ ನಾನು ಕಾದಿದ್ದು ಇದಕ್ಕೇ, ಈಗ ಅದು ಬೇಡವಾಗಿತ್ತು. ಮಳೆ ಬಂತು, ಯಾರೂ ಏಳಲಿಲ್ಲ. ಕೈಕಟ್ಟಿಕೊಂಡು ಬೋರ್ಡು ನೋಡುತ್ತ ಕೂತೇ ಇದ್ದರು. ಬನ್ನಿ ಎಂದು ಕರೆಯಲು ಹೋದರೆ ಬರೀ ಗಾಳಿ ಬಂತು. ಕೈ ಬೀಸಿ ಕರೆದರೆ ಮುಂದಿನ ಬೆಂಚಿನವರು ಹೆದರಿ ಇನ್ನಷ್ಟು ನೆಟ್ಟಗೆ ಕೂತರು. ಕೊನೆಗೆ ನಾನೇ ಮೇಜನ್ನು ದರದರ ಎಳೆದು ಅವರ ನಡುವೆ ತಂದಿಟ್ಟು, ಕುರ್ಚಿ ಹಾಕಿಕೊಂಡು, ಎಡಗಡೆಯ ಜಾಗ ತೋರಿಸಿದೆ. ಪವಿತ್ರಾ ಎದ್ದಳು. ಅವಳ ಹಿಂದೆ ಎಲ್ಲರೂ ಬಂದರು.

ನನಗೆ ಓದಲು ದನಿಯಿಲ್ಲ. ಪುಸ್ತಕ ಅವಳ ಕೈಗೆ ಕೊಟ್ಟೆ. ಮೆಲ್ಲಗೆ, ಪ್ರತಿ ಸಾಲಿನ ಕೊನೆಯಲ್ಲಿ ತಲೆಯೆತ್ತಿ ಎಲ್ಲರ ಮುಖ ನೋಡುತ್ತ ಓದಿದಳು. ಗಿರಿಜಾ ಮೇಡಂ ಓದು ಕೇಳಿರದವನು ಅಲ್ಲಿ ನಾನೊಬ್ಬನೇ, ಮಿಕ್ಕವರಿಗೆಲ್ಲ ಆ ಓದು ಯಾರದೆಂದು ಗೊತ್ತಿತ್ತು. ಕೆಲವರು ಅಳುತ್ತಿದ್ದರು. ಕೊನೆಯ ಬೆಂಚಿನವರಿಗೂ ಆ ವಾರ ಮೊದಲ ಸಲ ಪಾಠ ಕೇಳಿಸಿತು.

ಬೆಲ್ ಹೊಡೆಯಿತು. "ಥ್ಯಾಂಕ್ಯೂ ಮೇಡಂ" ಎಂದರು ಎಲ್ಲರೂ. ಮರುಕ್ಷಣ ನಾಲಿಗೆ ಕಚ್ಚಿಕೊಂಡು ನನ್ನ ಮುಖ ನೋಡಿದರು. ನಾನು ಮೀಸೆ ಸವರಿಕೊಂಡು, ಇರಲಿ ಎನ್ನುವ ಹಾಗೆ ತಲೆಯಾಡಿಸಿದೆ.

ಭಾನುವಾರ ಊರಿಗೆ ಹೋದಾಗ ಹೆಂಡತಿ ಕಾಳುಮೆಣಸಿನ ಕಷಾಯ ಮಾಡಿಕೊಟ್ಟು, "ಇದನ್ನ ಕುಡೀರಿ, ನಾಳೆಯೊಳಗೆ ದನಿ ಮೊದಲಿನ ಹಾಗಾಗುತ್ತೆ" ಎಂದಳು. ಅರ್ಧ ಕುಡಿದೆ. ಅವಳು ಒಳಗೆ ಹೋದ ಮೇಲೆ ಮಿಕ್ಕಿದ್ದನ್ನು ದಾಸವಾಳದ ಬುಡಕ್ಕೆ ಚೆಲ್ಲಿದೆ.