ಆನೆಯ ನಾಲ್ಕನೆಯ ಕಾಲು

ಮದುವೆಯಾಗಿ ಎಂಟು ವರ್ಷವಾದರೂ ಮಾವನ ಮನೆಯಿಂದ ಒಂದು ಟೊಪ್ಪಿಗೆಯನ್ನೂ ಬಾಯಿಬಿಟ್ಟು ಕೇಳಿದವನಲ್ಲ ನಮ್ಮ ದೇವೇಂದ್ರಪ್ಪ. ಕುಷ್ಟಗಿಯಲ್ಲಿ ಅವನಿಗೆ ಬೇರೆ ಕೀರ್ತಿಯೇನೂ ಇರಲಿಲ್ಲ. ಇದ್ದ ಈ ಒಂದನ್ನೇ ಜೋಪಾನ ಮಾಡಿಕೊಂಡು ಬಂದಿದ್ದ.

ಆವತ್ತು ಯಲಬುರ್ಗಾದಲ್ಲಿ ಹೆಂಡತಿಯ ತಂಗಿಯ ಕುಬಸ. ಬಸುರಿಗೆ ಉಡಿಸುವ ಸೀರೆಯ ಸೆರಗಿಗೆ ಕಸೂತಿ ಹಾಕುವ ಮಹತ್ಕಾರ್ಯವನ್ನು ಹೆಂಡತಿ ಪಂಪಾವತಿ ವಹಿಸಿಕೊಂಡಿದ್ದಳು. ‘ಮುಗದೈತಿ’ ಎಂದು ತಿಂಗಳ ಹಿಂದೆಯೇ ತವರಿಗೆ ಹೇಳಿಯೂ ಕಳಿಸಿದ್ದಳು. (ಮುಗಿದದ್ದು ಗೋಪುರ ಮಾತ್ರ. ಆನೆ ಇನ್ನೂ ಸೊಂಡಿಲಿನಲ್ಲೇ ಇತ್ತು.)

ನಸುಕಿನಲ್ಲಿ ಬಂಡಿ ಹೊರಟಿತು, ಸೂಜಿಯೂ ಹೊರಟಿತು. ಕಸೂತಿಗೆ ಗಂಟು ಹಾಕುವ ಹಾಗಿಲ್ಲ. ಎಳೆ ಎಣಿಸುತ್ತ ಹೋದ ಸೂಜಿ ಅದೇ ದಾರಿಯಲ್ಲಿ ಮರಳಿ ಬರಬೇಕು. ಬಂಡಿ ಕುಲುಕಿದಾಗಲೆಲ್ಲ ಎಣಿಕೆ ತಪ್ಪುತ್ತಿತ್ತು. ತಪ್ಪಿದಾಗಲೆಲ್ಲ ಪಂಪಾವತಿ, ಈ ರಸ್ತೆ ಹಾಕಿಸಿದವನೇ ಇವನೆಂಬಂತೆ ಗಂಡನನ್ನು ದುರುಗುಟ್ಟಿ ನೋಡುತ್ತಿದ್ದಳು. ಕೊನೆಗೆ ಸೆರಗನ್ನು ಅವನ ತೊಡೆಯ ಮೇಲೆಯೇ ಬಿಗಿಯಾಗಿ ಹಾಸಿದಳು.

“ಅಲ್ಲಾಡಬ್ಯಾಡ್ರಿ.”

“ನಾ ಎಲ್ಲಿ ಅಲ್ಲಾಡಾಕತ್ತೀನಿ? ಬಂಡಿ ಅಲ್ಲಾಡಾಕತ್ತೈತಿ.”

“ಉಸಿರರೆ ಸಣ್ಣಗ ಬಿಡ್ರಿ.”

ದೇವೇಂದ್ರಪ್ಪ ಉಸಿರನ್ನೂ ಸಣ್ಣಗೆ ಬಿಟ್ಟ. ಬಿಸಿಲು ಏರಿದಂತೆ ಸೂಜಿಯ ವೇಗವೂ ಏರಿತು. ಮಾವನ ಮನೆಯ ಮುಂದೆ ಬಂಡಿ ನಿಲ್ಲುವುದಕ್ಕೂ ಆನೆಯ ನಾಲ್ಕನೆಯ ಕಾಲು ಮುಗಿಯುವುದಕ್ಕೂ ಸರಿಹೋಯಿತು. ಪಂಪಾವತಿ ಸೆರಗು ಎತ್ತಿದಳು. ಜೊತೆಗೆ ಗಂಡನ ಧೋತ್ರವೂ ಎದ್ದಿತು.

“ಕತ್ತರಿಸಿಬಿಡು,” ಎಂದ ದೇವೇಂದ್ರಪ್ಪ.

“ಕುಬಸದ ಸೀರಿಗೆ ಕತ್ತರಿ ಹಚ್ಚತಾರೇನ್ರಿ? ಬಿಚ್ಚತೀನಿ, ಸುಮ್ಮನ ಕುಂದರ್ರಿ. ನಮ್ಮವ್ವಗ ಗೊತ್ತಾತಂದ್ರ ನನ್ನ ಇಜ್ಜತ್ ಉಳಿಯಂಗಿಲ್ಲ.”

ಅವಳು ಬಿಚ್ಚಲು ಎಳೆ ಹುಡುಕತೊಡಗಿದಳು. ಅಷ್ಟರಲ್ಲಿ ಮಾವ ಗವಿಸಿದ್ದಪ್ಪನವರು ಬಂದು ಕೈಮುಗಿದರು. “ಇಳೀರಿ, ಅಳಿಯಂದಿರ.”

“ಇಳೀತೀನ್ರಿ ಮಾವನವರ. ತುಸು ತಡೀರಿ.”

ಮಾವನವರ ಮುಖ ಸಪ್ಪಗಾಯಿತು. ಮಾವನ ಬಾಗಿಲಲ್ಲಿ ಅಳಿಯ ಬಂಡಿ ಇಳಿಯದಿದ್ದರೆ ಅದಕ್ಕೆ ನಮ್ಮ ಕಡೆ ಇರುವುದು ಒಂದೇ ಅರ್ಥ: ಉಡುಗೊರೆಗಾಗಿ ಮುನಿಸು. ಅವರು ಒಳಗೆ ಹೋಗಿ ಹೆಂಡತಿಯ ಕಿವಿಯಲ್ಲಿ ಏನೋ ಹೇಳಿದರು. ನೆರೆಹೊರೆಯವರು ಕಟ್ಟೆಗೆ ಬಂದು ನಿಂತರು. ಮಾವನವರು ಜರಿಯಂಚಿನ ಹೊಸ ಧೋತ್ರ ಹಿಡಿದು ಮರಳಿದರು.

“ತೊಗೊಳ್ರಿ. ಬಾಯಿಬಿಟ್ಟು ಕೇಳಿದ್ರ ನಾವೇನ್ ಇಲ್ಲ ಅಂತಿದ್ವಿ?”

ನಿಜ ಹೇಳಲು ದೇವೇಂದ್ರಪ್ಪ ಬಾಯಿ ತೆರೆದ. ಸೂಜಿ ತೊಡೆಗೆ ಮೆಲ್ಲಗೆ ತಾಗಿತು, ಬಾಯಿ ಮುಚ್ಚಿದ. ಬಂಡಿ ಇಳಿಯಲು ಇದ್ದ ಉಪಾಯವೂ ಆ ಧೋತ್ರವೊಂದೇ. ಎಂಟು ವರ್ಷದ ಕೀರ್ತಿಯನ್ನು ಮನಸ್ಸಿನಲ್ಲೇ ನೆನೆದು ಕೈ ಚಾಚಿದ.

ಬಂಡಿಯ ಪರದೆ ಇಳಿಸಿ ಅವನು ಹೊಸದನ್ನು ಉಟ್ಟ. ಪಂಪಾವತಿ ಹಳೆಯದನ್ನು ಸೀರೆಯ ಜೊತೆ ಸುತ್ತಿಕೊಂಡು ಒಳಕೋಣೆ ಸೇರಿ, ಧೋತ್ರಕ್ಕೂ ಹೊಲಿದುಕೊಂಡಿದ್ದ ಆ ಕಾಲನ್ನು ಬಿಚ್ಚಿದಳು. ಆನೆ ಮೂರೇ ಕಾಲಿನಲ್ಲಿ ಕುಬಸಕ್ಕೆ ಬಂತು. ಯಾರೂ ಎಣಿಸಲಿಲ್ಲ, ಎಲ್ಲರ ಕಣ್ಣೂ ಅಳಿಯನ ಜರಿಯಂಚಿನ ಮೇಲಿತ್ತು.

ಈಗ ಅವನ ಬಂಡಿ ಯಲಬುರ್ಗಾಕ್ಕೆ ಹೋದಾಗಲೆಲ್ಲ ಮಾವನವರು ಮಡಿಚಿದ ಧೋತ್ರ ಹಿಡಿದೇ ಬಾಗಿಲಲ್ಲಿ ಕಾದಿರುತ್ತಾರೆ. ದೇವೇಂದ್ರಪ್ಪ ಹೆಂಡತಿಯ ಕಡೆ ನೋಡುತ್ತಾನೆ. ಪಂಪಾವತಿ ತಲೆ ತಗ್ಗಿಸಿ ಎಳೆ ಎಣಿಸುತ್ತಿರುತ್ತಾಳೆ.