ಮೇಷ್ಟ್ರು ಗೆದ್ದು ತಂದ ಸ್ಟೂಲು

ಇನ್ನೂರು ವರ್ಷ ಹಳೆಯದೆಂದು ಮೇಷ್ಟ್ರು ತಂದ ಹಿತ್ತಾಳೆ ಹೂಜಿಯನ್ನು ಹೆಂಡತಿ ತಿಕ್ಕಿ ತೊಳೆದಾಗ ತಳದಿಂದ ಒಂದು ಚೀಟಿ ಕಿತ್ತುಬಂತು. ಅದರಲ್ಲಿ ಹೋದ ವರ್ಷದ ತಾರೀಕೂ ಯಾವುದೋ ಕಾರ್ಖಾನೆಯ ಫೋನ್ ನಂಬರೂ ಇದ್ದವು. ಮಧ್ಯಾಹ್ನದೊಳಗೆ ಸುದ್ದಿ ಬೀದಿಗೆಲ್ಲ ಗೊತ್ತಾಯಿತು. ಎದುರುಮನೆಯ ಕಾಂಪೌಂಡರ್ ಮನೆಗೇ ಬಂದು, ಹೂಜಿಗೆ ಗ್ಯಾರಂಟಿ ಕಾರ್ಡ್ ಕೊಟ್ಟಿದ್ದಾರೋ ಇಲ್ಲವೋ ಎಂದು ಬಹಳ ಮರ್ಯಾದೆಯಿಂದ ವಿಚಾರಿಸಿಕೊಂಡು ಹೋದ.

ಡ್ರೈವಿಂಗ್ ಸ್ಕೂಲಿನ ಮೇಷ್ಟ್ರಿಗೆ ಅದು ಎದೆಗೇ ನಾಟಿತು. ಅಂದಿನಿಂದ ಅಸಲಿ ನಕಲಿ ಸಾಮಾನುಗಳ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದರು. ಪಕ್ಕದಲ್ಲಿ ಶಿಷ್ಯರು ಕಾರನ್ನು ಚರಂಡಿಯತ್ತ ತಿರುಗಿಸುತ್ತಿದ್ದರೂ ಇವರ ತಲೆಯಲ್ಲಿ ಮರದ ಹುಳುಗಳೇ ಓಡಾಡುತ್ತಿದ್ದವು. ಕೊನೆಗೊಂದು ಭಾನುವಾರ ಹೂಜಿಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು, ಕಾಂಪೌಂಡರನನ್ನೇ ಸಾಕ್ಷಿಗೆ ಕರೆದುಕೊಂಡು, ಅದನ್ನು ಕೊಂಡಿದ್ದ ಹಳೇ ಸಾಮಾನಿನ ಅಂಗಡಿಗೆ ಹೊರಟರು.

ಅಂಗಡಿಯವನು ಸ್ಟೂಲಿನ ಮೇಲೆ ಕುಳಿತು, ಹೊಸದಾಗಿ ಮದುವೆಯಾದ ಜೋಡಿಯೊಂದಕ್ಕೆ ಬೀರು ತೋರಿಸುತ್ತಿದ್ದ. ಹುಳು ಕೊರೆದ ತೂತುಗಳೇ ಇದರ ವಯಸ್ಸಿಗೆ ಸಾಕ್ಷಿ ಎನ್ನುತ್ತಿದ್ದ. ಮೇಷ್ಟ್ರು ಜೇಬಿನಿಂದ ಉದ್ದನೆಯ ಸೂಜಿ ತೆಗೆದು ಒಂದು ತೂತಿಗೆ ಹಾಕಿದರು. ಅದು ತಲೆಯವರೆಗೂ ನೆಟ್ಟಗೆ ಇಳಿಯಿತು.

"ಹುಳ ಹೀಗೆ ನೆಟ್ಟಗೆ ಹೋಗಲ್ಲ ಕಣ್ರೀ. ಅದು ನನ್ನ ಶಿಷ್ಯರ ಹಾಗೆ, ಅತ್ತ ಇತ್ತ ತಿರುಗ್ತಾ ಹೋಗುತ್ತೆ. ಇದು ಡ್ರಿಲ್ ಮಷೀನಿನ ಕೆಲಸ."

ಜೋಡಿ ಬೀರು ಬಿಟ್ಟು ಮೇಷ್ಟ್ರ ಹಿಂದೆ ಬಂತು. ಮೇಷ್ಟ್ರು ಒಂದು ಕುರ್ಚಿ ಮಗುಚಿ, ನೂರು ವರ್ಷ ನೆಲಕ್ಕೆ ಉಜ್ಜಿದ ಕಾಲಿನ ಅಂಚು ಇಷ್ಟು ಚೂಪಾಗಿ ಉಳಿಯುತ್ತದೆಯೇ ಎಂದು ಕೇಳಿದರು. ಕನ್ನಡಿಯ ಚೌಕಟ್ಟಿಗೆ ಮೂಗು ತಾಗಿಸಿ, ಬೂಟ್ ಪಾಲಿಶ್ ಎಂದು ಘೋಷಿಸಿದರು. ಮೂಗಿನ ಕೆಳಗೆ ದಪ್ಪ ಮೀಸೆಯೂ ಮೂಡಿತು. ಗೆಲ್ಲುತ್ತಿರುವವರಿಗೆ ಅಂಥ ಸಣ್ಣ ವಿಷಯ ಯಾಕೆಂದು ಕಾಂಪೌಂಡರ್ ಸುಮ್ಮನಿದ್ದ. ಬಾಗಿಲಲ್ಲಿ ಜನ ಸೇರಿದರು.

ಅಂಗಡಿಯವನ ಮುಖ ಒದ್ದೆ ಬಟ್ಟೆಯಂತಾಯಿತು. ಎದ್ದುನಿಂತು, ಹೂಜಿಯ ದುಡ್ಡು ವಾಪಸ್ ಕೊಡುತ್ತೇನೆ, ದಯವಿಟ್ಟು ಹೋಗಿ ಎಂದು ಕೈಮುಗಿದ.

"ದುಡ್ಡು ಬೇಡಪ್ಪ. ಅಸಲಿ ಮಾಲು ಬೇಕು," ಎಂದ ಮೇಷ್ಟ್ರ ಕಣ್ಣು ಖಾಲಿಯಾದ ಸ್ಟೂಲಿನ ಮೇಲೆ ನಿಂತಿತು.

ಅದನ್ನು ಮಗುಚಿದರು. ಕಾಲುಗಳು ಒಂದೊಂದು ಒಂದೊಂದು ಥರ ಸವೆದಿದ್ದವು. ಮೊಳೆಗಳು ಕೈಯಲ್ಲಿ ಬಡಿದು ಮಾಡಿದವು. ತೂತಿಗೆ ಹಾಕಿದ ಸೂಜಿ ಅರ್ಧಕ್ಕೇ ತಡೆದು ಬಗ್ಗಿತು. ಅದು ಮಾರುವುದಕ್ಕಲ್ಲ, ಕೂರುವುದಕ್ಕೆ ಇಟ್ಟುಕೊಂಡದ್ದು ಎಂದು ಅಂಗಡಿಯವನು ಗೋಗರೆದ. ಅಷ್ಟು ಹೇಳಿದ್ದೇ ತಡ, ಜನರಿಗೆಲ್ಲ ಅದು ಅಸಲಿ ಎಂಬುದು ಖಚಿತವಾಯಿತು. ಕೊನೆಗೆ ಹೂಜಿ ಕೊಟ್ಟು, ಮೇಲೆ ಅರ್ಧ ತಿಂಗಳ ಸಂಬಳ ಎಣಿಸಿ, ಮೇಷ್ಟ್ರು ಸ್ಟೂಲನ್ನು ತಲೆಯ ಮೇಲೆ ಹೊತ್ತು ಹೊರಬಂದರು. ಅಂಗಡಿಯವನು ನಿಂತೇ ಇದ್ದ.

ಕಾಂಪೌಂಡರ್ ಮುಂದೆ ಮುಂದೆ ನಡೆಯುತ್ತ ಮನೆಮನೆಗೂ ಕತೆ ಹೇಳಿದ. ಹೂಜಿಗೆ ನಕ್ಕವರೆಲ್ಲ ಹಿಂಬಾಲಿಸಿದರು. ಮೇಷ್ಟ್ರು ಸ್ಟೂಲನ್ನು ಜಗಲಿಯ ಮೇಲೆ ಇಳಿಸಿದಾಗ ಅವರ ತಾಯಿ ಒಳಗಿನಿಂದ ಬಂದರು. ಕನ್ನಡಕ ಏರಿಸಿ ನೋಡಿದರು, ಮೆಲ್ಲಗೆ ಸವರಿದರು. ಕಣ್ಣಲ್ಲಿ ನೀರು ತುಂಬಿತು.

"ನಿಮ್ಮ ತಾತ ಕೂರ್ತಿದ್ದ ಸ್ಟೂಲು ಕಣೋ. ನೀನು ಹುಟ್ಟೋಕೆ ಮುಂಚೇನೇ ಅಟ್ಟ ಸೇರಿತ್ತು. ಯಾವಾಗ ಇಳಿಸಿದೆ?"

ಹೆಂಡತಿ ಬಾಗಿಲ ಹಿಂದೆ ಸರಿದಳು. ಅಲ್ಲಿಂದಲೇ, ಹೋದ ತಿಂಗಳು ಅಟ್ಟ ಗುಡಿಸಿದಾಗ ಗುಜರಿಯವನಿಗೆ ಹಾಕಿದ್ದಾಗಿ ಸಣ್ಣ ದನಿಯಲ್ಲಿ ಹೇಳಿದಳು. "ಅವನು ಬೇಡ ಅಂದ ರೀ. ನಾನೇ ಬಲವಂತ ಮಾಡಿ ಸುಮ್ನೆ ಕೊಟ್ಟೆ."

ಕಾಂಪೌಂಡರ್ ಬಾಯಿ ತೆರೆಯುವ ಮೊದಲೇ ಮೇಷ್ಟ್ರು ಸ್ಟೂಲಿನ ಮೇಲೆ ಕುಳಿತು ಕಾಲ ಮೇಲೆ ಕಾಲು ಹಾಕಿದರು.

"ಅಸಲಿ ಅಂದೆ. ಹೌದೋ ಅಲ್ವೋ ಹೇಳಿ."

ಅಲ್ಲ ಎನ್ನಲು ಯಾರಿಗೂ ಆಗಲಿಲ್ಲ.