ನರಸಿಂಹಮೂರ್ತಿಗಳ ನಲವತ್ತು ರೂಪಾಯಿ ಲಾಭ

"ನನ್ನ ಕಣ್ಣಿಗೆ ಮಣ್ಣೆರಚೋನು ಇನ್ನೂ ಹುಟ್ಟಿಲ್ಲ ಕಣೇ!" ಎಂದು ನರಸಿಂಹಮೂರ್ತಿಗಳು ಮೊಬೈಲು ಹಿಡಿದು ಹೆಂಡತಿಯ ಮುಂದೆ ಘೋಷಿಸಿದರು. ಘೋಷಿಸದೆ ಇನ್ನೇನು? ಶಿಡ್ಲಘಟ್ಟದ ಬ್ಯಾಂಕಿನಲ್ಲಿ ಮೂವತ್ತೆರಡು ವರ್ಷ ಸಹಿ ತಾಳೆ ನೋಡಿದ ಮಹಾನುಭಾವರು! ದಿಬ್ಬೂರಹಳ್ಳಿಯ ಮುನಿಶಾಮಪ್ಪ ರೇಷ್ಮೆಗೂಡು ಮಾರಿದ ದುಡ್ಡು ತೆಗೆಯಲು ಬಂದರೆ, ಸಹಿಯ ಬಾಲ ಸೊಟ್ಟಗಿದೆಯೆಂದು ಮೂರು ಸಲ ವಾಪಸ್ ಕಳಿಸಿದ್ದರು. ಹೆಂಡತಿಯನ್ನೂ ಬಿಟ್ಟವರಲ್ಲ. ಜಂಟಿ ಖಾತೆ ತೆರೆದಾಗ ಆದಿಲಕ್ಷ್ಮಮ್ಮನಿಂದ ಹಳೇ ಕ್ಯಾಲೆಂಡರಿನ ಹಿಂದೆ ನೂರು ಸಲ ಸಹಿ ತಿದ್ದಿಸಿದ್ದರು. ಆ ಹಿತ್ತಾಳೆ ಟೋಕನ್ನು, ಆ ದಪ್ಪ ಲೆಡ್ಜರು, ಆ ಶಾಯಿಯ ವಾಸನೆ! ಈಗಲೂ ದಿನಕ್ಕೊಮ್ಮೆ ಅವನ್ನು ನೆನೆಯದೆ ಅವರಿಗೆ ಊಟ ಸೇರದು.

ಈಗ ಯಾವುದೋ ಹೊಸ ಆ್ಯಪಿನಲ್ಲಿ ಕರೆಂಟ್ ಬಿಲ್ ಕಟ್ಟಿದರೆ ನಲವತ್ತು ರೂಪಾಯಿ ವಾಪಸ್ಸಂತೆ.

"ರೀ, ಅದ್ಯಾಕೆ ಬ್ಯಾಂಕಿನ ಪಾಸ್‌ವರ್ಡ್ ಕೇಳ್ತೈತೆ?"

"ಬ್ಯಾಂಕಿಗೂ ನಮಗೂ ಮಧ್ಯೆ ನಿಂತು ಅದೇ ಎಲ್ಲಾ ನೋಡ್ಕೊಳ್ಳುತ್ತೆ ಕಣೇ. ನಿಂಗೆ ತಿಳಿಯಲ್ಲ, ಸುಮ್ನಿರು."

"ಮಧ್ಯ ನಿಂತೋರ ಸಹಿ ನೋಡಿದ್ರಾ?"

ನೋಡಲಿಲ್ಲ. ಪಾಸ್‌ವರ್ಡ್ ಕೊಟ್ಟರು. ಒಟಿಪಿಯನ್ನೂ ಧಾರೆ ಎರೆದರು! ಟಿಣ್! ನಲವತ್ತು ಬಂತು. ಟಿಣ್! ಐದು ಸಾವಿರ ಹೋಯಿತು. ಟಿಣ್! ಇನ್ನೈದು ಸಾವಿರ! ಆದಿಲಕ್ಷ್ಮಮ್ಮನ ಕಣ್ಣಿನ ಪೊರೆ ತೆಗೆಸಲು ಪೆನ್ಷನ್ನಿನಲ್ಲಿ ಉಳಿಸಿಟ್ಟಿದ್ದ ದುಡ್ಡು. ನೋಟು ಎಣಿಸಿ ಕೊಡುತ್ತಿದ್ದ ಕಾಲದಲ್ಲಿ ದುಡ್ಡು ಹೋಗುವಾಗ ಬೆರಳಿಗಾದರೂ ತಿಳಿಯುತ್ತಿತ್ತು!

"ಅಯ್ಯೋ, ಮುಳುಗಿದ್ನಲ್ಲೇ!" ಎನ್ನುತ್ತಾ ಬೇರೆಬೇರೆ ಚಪ್ಪಲಿ ಮೆಟ್ಟಿಕೊಂಡು, ಹೆಂಡತಿಯನ್ನು ಎಳೆದುಕೊಂಡು ಬ್ಯಾಂಕಿಗೆ ಓಡಿದರು. ಅವರ ಹಳೇ ಕುರ್ಚಿಯ ಜಾಗದಲ್ಲಿ ಯಾಮಿನಿ ಎಂಬ ಹುಡುಗಿ ಕೂತಿದ್ದಳು.

"ಖಾತೆ ಬಂದ್ ಮಾಡಮ್ಮಾ, ಬೇಗ!"

"ಇಲ್ಲಿ ಸೈನ್ ಹಾಕಿ ಸಾರ್."

ನಿಂತಲ್ಲೇ ಪೆನ್ನು ಕಿತ್ತುಕೊಂಡು ಗಡಿಬಿಡಿಯಲ್ಲಿ ಹಾಕಿದರು. ಯಾಮಿನಿ ಕಂಪ್ಯೂಟರ್ ನೋಡಿದಳು, ಕಾಗದ ನೋಡಿದಳು.

"ಸಾರ್, ಸೈನ್ ಮ್ಯಾಚ್ ಆಗ್ತಿಲ್ಲ. ಬಾಲ ಸೊಟ್ಟಗೈತೆ."

"ಏನಮ್ಮಾ! ಮೂವತ್ತೆರಡು ವರ್ಷ ಇಲ್ಲೇ ಕೂತೋನು ನಾನು!"

"ಗೊತ್ತು ಸಾರ್. ದಿಬ್ಬೂರಹಳ್ಳಿ ಮುನಿಶಾಮಪ್ಪ ನಮ್ ತಾತ." ಹುಡುಗಿ ನಕ್ಕಳು. "ಜಾಯಿಂಟ್ ಅಕೌಂಟಲ್ವಾ, ಅಮ್ಮ ಹಾಕಿದ್ರೂ ಆಗುತ್ತೆ."

ಆದಿಲಕ್ಷ್ಮಮ್ಮ ಪೆನ್ನು ತಗೊಂಡರು. ಪೊರೆ ಬಂದ ಕಣ್ಣನ್ನು ಕಾಗದಕ್ಕೆ ತಾಗುವಷ್ಟು ಬಗ್ಗಿಸಿ, ಕೈಗೆ ಅಂದು ಅಂಟಿದ್ದ ಅಭ್ಯಾಸದಲ್ಲೇ ಸಹಿ ಎಳೆದರು. ಒಂದು ಚುಕ್ಕಿ ಆಚೀಚೆ ಆಗಲಿಲ್ಲ! ಖಾತೆ ಬಂದಾಯಿತು, ಆಪರೇಷನ್ನಿನ ದುಡ್ಡಿನಲ್ಲಿ ಹತ್ತು ಸಾವಿರ ಬಿಟ್ಟು ಮಿಕ್ಕಿದ್ದು ಉಳಿಯಿತು. ಮೂರ್ತಿಗಳ ಕಣ್ಣಲ್ಲಿ ನೀರು ಬಂತು.

ಮೆಟ್ಟಿಲಿಳಿಯುತ್ತಾ ಆದಿಲಕ್ಷ್ಮಮ್ಮ ಗಂಡನ ಕೈ ಹಿಡಿದುಕೊಂಡರು. "ನಡೀರಿ ಮನೆಗೆ. ಹೋದ ವರ್ಷದ ಕ್ಯಾಲೆಂಡರ್ ಎತ್ತಿಟ್ಟಿದ್ದೀನಿ. ನೂರು ಸಲ ಬರೀರಿ!"